ಆಶ್ರಯಾರ್ಥಿಯ ಮಾತು ಮತ್ತು ಅನ್ನ: ಎರಡು ಕಾದಂಬರಿಗಳ ಮಿತಿ

ಕನ್ನಡದಲ್ಲಿ 'ನಿರಾಶ್ರಿತ' ಎಂಬ ಪದಕ್ಕೆ ಎರಡು ಬಳಕೆಗಳಿವೆ. ಬೈಲುಕುಪ್ಪೆಯ ಟಿಬೆಟಿಯನ್ನರಂತೆ ದೇಶ ತೊರೆದು ಬಂದವರನ್ನು ನಾವು ನಿರಾಶ್ರಿತರೆನ್ನುತ್ತೇವೆ. ಭಿಕ್ಷೆ ಬೇಡುತ್ತಿದ್ದವರನ್ನು ತಂದು ಇರಿಸುವ ಸರ್ಕಾರಿ ಸಂಸ್ಥೆಯ ಹೆಸರೂ 'ನಿರಾಶ್ರಿತರ ಪರಿಹಾರ ಕೇಂದ್ರ'ವೇ ಆಗಿದೆ. ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳಿಗೆ ಬೇರೆ ಬೇರೆ ಪದಗಳಿವೆ. ಆದರೆ 1996ರಿಂದ ಒಂದು ದಶಕದ ಅವಧಿಯಲ್ಲಿ ಬ್ರಿಟನ್ನಿನ ಕಾನೂನು ಮೊದಲ ಅರ್ಥದ ನಿರಾಶ್ರಿತನನ್ನು ಎರಡನೆಯ ಅರ್ಥಕ್ಕೆ ತಳ್ಳಿತು. ಈ ಕಾಲದ ನಡುವೆ, 2001ರಲ್ಲಿ, ಪ್ರಕಟವಾದ ಎರಡು ಕಾದಂಬರಿಗಳನ್ನು ಆ ಕಾನೂನಿನ ಜೊತೆಗಿಟ್ಟು ಓದುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಮೊದಲು ಕಾನೂನಿನ ಹಿನ್ನೆಲೆಯನ್ನು ಗಮನಿಸಬೇಕು. 1996ರ ಫೆಬ್ರವರಿ 5ರಂದು ಜಾರಿಗೆ ಬಂದ ನಿಯಮಾವಳಿಯು ಆಶ್ರಯಾರ್ಥಿಗಳನ್ನು ಎರಡಾಗಿ ವಿಂಗಡಿಸಿತು. ಬಂದಿಳಿದ ವಿಮಾನನಿಲ್ದಾಣ ಅಥವಾ ಬಂದರಿನಲ್ಲಿಯೇ ಆಶ್ರಯ ಕೇಳಿದವರಿಗೆ ಮೊದಲ ತೀರ್ಮಾನದವರೆಗೆ ಸಹಾಯಧನ ಉಂಟು. ಒಳಬಂದ ಮೇಲೆ ಕೇಳಿದವರಿಗೆ ಇಲ್ಲ. ಕೋರಿಕೆ ತಿರಸ್ಕೃತವಾಗಿ ಮೇಲ್ಮನವಿ ಸಲ್ಲಿಸಿದವರಿಗೂ ಇಲ್ಲ. ನಿಜವಾದ ಭಯವುಳ್ಳವನು ಕೂಡಲೇ ಬಾಯಿಬಿಡುತ್ತಾನೆಂಬುದು ಇದರ ಹಿಂದಿದ್ದ ಗ್ರಹಿಕೆ. ಹೀಗೆ ಒಂದು ಮಾತನ್ನು ಎಲ್ಲಿ ಆಡಲಾಯಿತೆಂಬುದು ಅನ್ನದ ಪ್ರಶ್ನೆಯಾಯಿತು.

ಈ ಗ್ರಹಿಕೆಗೆ ಅಬ್ದುಲ್‌ರಜಾಕ್ ಗುರ್ನಾ ಅವರ 'ಬೈ ದ ಸೀ' ಕಾದಂಬರಿಯಲ್ಲಿ ಸಮರ್ಥವಾದ ಉತ್ತರವಿದೆ. ಜಾಂಜಿಬಾರಿನ ವೃದ್ಧ ಸಾಲೇ ಒಮರ್ ಬೇರೊಬ್ಬನ ಹೆಸರಿನಲ್ಲಿ ಗ್ಯಾಟ್‌ವಿಕ್ ನಿಲ್ದಾಣಕ್ಕೆ ಬಂದಿಳಿಯುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬಲ್ಲವನಾದರೂ, ಟಿಕೆಟ್ ಮಾರಿದವನ ಸಲಹೆಯಂತೆ, ಬಾರದವನಂತೆ ನಟಿಸುತ್ತಾನೆ. ಆಶ್ರಯ ಕೇಳಲು ಬೇಕಾದ ಮಾತನ್ನಷ್ಟೇ ಆಡಿ ಸುಮ್ಮನಾಗುತ್ತಾನೆ. ಅವನನ್ನು ವಿಚಾರಿಸುವ ಅಧಿಕಾರಿಯ ತಂದೆತಾಯಿಗಳೂ ರುಮೇನಿಯದಿಂದ ಆಶ್ರಯ ಅರಸಿ ಬಂದವರೇ. ಆದರೂ ಆತ ಮುದುಕನ ಪರಿಮಳದ್ರವ್ಯದ ಪೆಟ್ಟಿಗೆಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಪ್ರಭುತ್ವದ ಕೈಯಲ್ಲಿ ನೊಂದವನು ಮತ್ತೊಂದು ಪ್ರಭುತ್ವದ ಸಮವಸ್ತ್ರದ ಮುಂದೆ ಮನಬಿಚ್ಚಲಾರ. ಮೌನವು ಅವನಿಗೆ ರಕ್ಷಣೆ, ವಂಚನೆಯಲ್ಲ. ಇದನ್ನು ಗುರ್ನಾ ವಾದಿಸದೆಯೇ ಮನಗಾಣಿಸುತ್ತಾರೆ.

ಆದರೆ ಇಲ್ಲಿಯೇ ಕಾದಂಬರಿಯ ಮಿತಿಯೂ ಇದೆ. ಎಷ್ಟೇ ಕಡಿಮೆ ಮಾತಾಡಿದರೂ ಸಾಲೇ ಒಮರ್ ನಿಲ್ದಾಣದಲ್ಲಿಯೇ ಆಶ್ರಯ ಕೇಳಿದವನು. ಆದ್ದರಿಂದ ಅವನು 1996ರ ಗೆರೆಯ ಒಳಗೇ ಉಳಿಯುತ್ತಾನೆ. ಬಂಧನಕೇಂದ್ರದ ನಂತರ ಅವನಿಗೆ ತಂಗುಮನೆಯೂ ಬಳಿಕ ಕಡಲತೀರದ ಊರಿನಲ್ಲೊಂದು ಮನೆಯೂ ದೊರೆಯುತ್ತವೆ. ಬೆಂಜಮಿನ್ ಜೆಫನಾಯ ಅವರ 'ರೆಫ್ಯೂಜಿ ಬಾಯ್' ಕಾದಂಬರಿಯ ನಾಯಕ ಆಲೆಮ್, ಇಥಿಯೋಪಿಯ-ಎರಿಟ್ರಿಯ ಯುದ್ಧದಿಂದ ಪಾರಾಗಲೆಂದು ತಂದೆ ಬ್ರಿಟನ್ನಿನಲ್ಲಿ ಬಿಟ್ಟುಹೋದ ಬಾಲಕ. ಮಕ್ಕಳ ರಕ್ಷಣೆಯ ವ್ಯವಸ್ಥೆ ಅವನನ್ನು ಸಾಕುಮನೆಗೆ ಸೇರಿಸುತ್ತದೆ. ಇಬ್ಬರೂ ಕಷ್ಟಪಟ್ಟವರೇ, ಆದರೆ ಆ ದಶಕದ ಸಹಾಯಧನ ಕಡಿತಕ್ಕೆ ನೇರವಾಗಿ ಗುರಿಯಾದವರಲ್ಲ. ಇದನ್ನು ನಾವು ಲೇಖಕರ ದೋಷವೆನ್ನುವುದಿಲ್ಲ. ದೀರ್ಘವಾಗಿ ನೆನೆದು ಹೇಳಲು ಒಂದು ಕೋಣೆ ಬೇಕು. ಸಾಲೇ ಒಮರನ ಕಥನಕ್ಕೆ ಅವನ ಮನೆಯೇ ಆಧಾರ.

ಕೋಣೆಯಿಲ್ಲದವರ ಕಥನ ತೀರ್ಪುಗಳಲ್ಲಿದೆ. 1996ರ ಜೂನ್ 21ರಂದು ಮೇಲ್ಮನವಿ ನ್ಯಾಯಾಲಯವು ಬಹುಮತದಿಂದ ಆ ನಿಯಮಾವಳಿಯನ್ನು ಅಸಿಂಧುಗೊಳಿಸಿತು. ಬಡ ವಿದೇಶೀಯರನ್ನೂ ಹಸಿವಿನಿಂದ ಕಾಪಾಡಬೇಕೆಂದಿದ್ದ 1803ರ ತೀರ್ಪೊಂದನ್ನು ನ್ಯಾಯಮೂರ್ತಿ ಸೈಮನ್ ಬ್ರೌನ್ ನೆನಪಿಸಿದರು. ಮುಂದಿನ ತಿಂಗಳೇ ಸಂಸತ್ತು ಹೊಸ ಕಾಯಿದೆಯ ಮೂಲಕ ಅದೇ ಕಡಿತವನ್ನು ಮರಳಿ ತಂದಿತು. 1948ರ ಕಾಯಿದೆಯನ್ವಯ ಅನ್ನ-ವಸತಿಯ ಹೊರೆ ಸ್ಥಳೀಯ ಸಂಸ್ಥೆಗಳದೆಂದು ನ್ಯಾಯಾಲಯಗಳು ಹೇಳಿದವು. 2000ದಲ್ಲಿ ನಗದಿನ ಬದಲು ಬಹುಮಟ್ಟಿಗೆ ಕೂಪನ್ನುಗಳು ಬಂದವು. ವಯಸ್ಕರಿಗೆ ದೊರೆಯುತ್ತಿದ್ದುದು ಸಾಮಾನ್ಯ ಸಹಾಯಧನದ ಶೇಕಡ 70ರಷ್ಟು. ಅಂಗಡಿಯವರು ಚಿಲ್ಲರೆ ಹಿಂತಿರುಗಿಸುವಂತಿರಲಿಲ್ಲ. ಸಾಲಿನಲ್ಲಿ ನಿಂತವನು ಯಾರೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. 2002ರಲ್ಲಿ ಕೂಪನ್ನು ನಿಂತಿತು. ಕೆಲಸಕ್ಕೆ ಅನುಮತಿ ಕೇಳಲು ಇದ್ದ ರಿಯಾಯಿತಿಯೂ ಅದೇ ವರ್ಷ ಹೋಯಿತು. 2003ರ ಜನವರಿ 8ರಿಂದ, ಸಾಧ್ಯವಾದಷ್ಟು ಬೇಗ ಆಶ್ರಯ ಕೇಳದವನಿಗೆ ನೆರವು ನಿರಾಕರಿಸುವ 55ನೆಯ ಪ್ರಕರಣ ಜಾರಿಗೆ ಬಂದಿತು. ದುಡಿಯುವಂತಿಲ್ಲ, ಪಡೆಯುವಂತೆಯೂ ಇಲ್ಲ. ಹಲವರು ಬೀದಿಯಲ್ಲಿ ಮಲಗಿದರು.

2005ರ ನವೆಂಬರ್ 3ರಂದು, ಇಂತಹ ಮೂವರ ಮೊಕದ್ದಮೆಯಲ್ಲಿ, ಹೌಸ್ ಆಫ್ ಲಾರ್ಡ್ಸ್ ಇದು ಅಮಾನವೀಯ ಹಾಗೂ ಹೀನಾಯ ವರ್ತನೆಯ ನಿಷೇಧವನ್ನು ಉಲ್ಲಂಘಿಸುತ್ತದೆಂದು ನಿರ್ಣಯಿಸಿತು. ಪೀಠದಲ್ಲಿ ಅದೇ ಸೈಮನ್ ಬ್ರೌನ್ ಕೂಡ ಇದ್ದರು. ತೀರ್ಪು ಪರಿಗಣಿಸುವುದು ವಯಸ್ಸು, ಲಿಂಗ, ಆರೋಗ್ಯ, ಹವಾಮಾನ, ಹೊರಗೆ ಕಳೆದ ದಿನಗಳು ಮುಂತಾದವನ್ನು. ನ್ಯಾಯಕ್ಕೆ ಇದು ಅಗತ್ಯವೇ. ಆದರೆ ಈ ಬರವಣಿಗೆಯಲ್ಲಿ ಮನುಷ್ಯನು ಸಾಕ್ಷ್ಯವಾಗಿ ಮಾತ್ರ ಕಾಣಿಸುತ್ತಾನೆ. ಊರು, ಮನೆತನ, ಜಗಳ, ಪರಿಮಳ ಯಾವುದೂ ಅವನಿಗಿಲ್ಲ. ಕಾದಂಬರಿಯಲ್ಲಿ ನೆನಪಿದೆ, ಈ ಹಸಿವಿಲ್ಲ. ತೀರ್ಪಿನಲ್ಲಿ ಹಸಿವಿದೆ, ನೆನಪಿಲ್ಲ.

ಗುರ್ನಾ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ನಿರಾಶ್ರಿತರ ಪಾಡು ಅವರ ಬರಹದ ಕೇಂದ್ರವೆಂಬ ಮಾತು ಎಲ್ಲೆಡೆ ಕೇಳಿಬಂದಿತು. ಯಾವ ನಿರಾಶ್ರಿತ ಎಂದು ಕೇಳುವ ಅವಕಾಶ ಕನ್ನಡದ ಓದುಗರಿಗೆ ತಮ್ಮ ಪದದಿಂದಲೇ ಒದಗುತ್ತದೆ. ಈ ಕೃತಿಗಳನ್ನು ಕನ್ನಡಕ್ಕೆ ತರುವವರು 'ಆಶ್ರಯಾರ್ಥಿ' ಮತ್ತು 'ನಿರಾಶ್ರಿತ' ಪದಗಳನ್ನು ಒಂದೆಂದು ಬಗೆಯಬಾರದೆಂಬುದು ನಮ್ಮ ಸೂಚನೆ. ಮೊದಲನೆಯದು ಕೇಳಿಕೊಂಡವನ ಹೆಸರು. ಎರಡನೆಯದು, ಕೇಳಿದ್ದನ್ನು ಕೊಡದೆ ಬಿಟ್ಟಾಗ ಅವನಿಗೆ ಒದಗುವ ಸ್ಥಿತಿ. ಈ ಎರಡರ ನಡುವಿನ ಅಂತರವನ್ನು ಕಥೆಯಾಗಿ ಹೇಳುವ ಕೆಲಸ ಈ ಎರಡು ಕಾದಂಬರಿಗಳ ಆಚೆಗೆ ಉಳಿದಿದೆ.