ಪೊರೆ ತೆಗೆವ ಕೈಗಳು
ಮುಂಬಯಿಯ ಧಾರಾವಿಯ ಇಕ್ಕಟ್ಟಾದ ಓಣಿಗಳಲ್ಲಿ ಜರಿಯ ಎಳೆಯನ್ನು ಸೂಜಿಗೆ ಪೋಣಿಸಿ, ಚರ್ಮಕ್ಕೆ ಹೊಲಿಗೆ ಹಾಕಿ ಜೀವಿಸುವವರಿಗೆ ದೃಷ್ಟಿಯೇ ಮೂಲಧನವಾದುದರಿಂದ, ನೆರೆಯ ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಂಥ ಕಡೆ ನಡೆಯುವ ಕಣ್ಣುಪೊರೆಯ ಶಸ್ತ್ರಚಿಕಿತ್ಸೆಯನ್ನು ನಾನು ಕಲೆಯೆಂದೇ ಗೌರವಿಸುತ್ತೇನೆ. ಮೂರು ಮಿಲಿಮೀಟರಿನಷ್ಟು ಕಿರಿದಾದ ಛೇದದೊಳಗೆ ಉಪಕರಣವನ್ನಿಳಿಸಿ, ಮಸೂರದ ಮುಂಗೋಶದಲ್ಲಿ ವರ್ತುಲಾಕಾರದ ಕಿಂಡಿಯನ್ನು ಬಿಡಿಸಿ, ಶ್ರವಣಾತೀತ ತರಂಗಗಳಿಂದ ಮಸುಕಾದ ತಿರುಳನ್ನೊಡೆದು ಹೀರಿ, ಕೂದಲಿಗಿಂತಲೂ ತೆಳುವಾದ ಹಿಂಗೋಶವು ಹರಿಯದಂತೆ ಮಡಿಸಿದ ಕೃತಕ ಮಸೂರವನ್ನಿರಿಸಿದೊಡನೆ, ಅದು ತಾನಾಗಿಯೇ ಮೆಲ್ಲನೆ ಬಿಚ್ಚಿಕೊಳ್ಳುವ ಪರಿ ಅತ್ಯದ್ಭುತವಾದುದು! 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕೃತಕ ಮಸೂರವನ್ನು ಮೊದಲಿಗೆ ಕೂರಿಸಿದರು; 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ತರಂಗವಿಧಾನವನ್ನು ತಂದರು. ಇಂಥ ಯಂತ್ರಗಳ ನೆರವಿಲ್ಲದ ಕಾಲದಲ್ಲಿಯೇ ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಸಹಸ್ರಾರು ಬಡವರ ಪೊರೆಯನ್ನು ತೆಗೆದರು. ಆ ಹಸ್ತಕೌಶಲವನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ.