ಆರರ ಲೆಕ್ಕ ಮೀರಿದ ಕಡಲು

ಈ ವಾರ ಮಸಿಬಟ್ಟೆಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ದಪ್ಪ ಹತ್ತಿ ದಾರ, ಎರಡು ಪದರ, ಮೊಳೆಗೆ ಸಿಕ್ಕಿಸಲು ಮೂಲೆಯಲ್ಲೊಂದು ಬಳೆ. ಬಿಸಿ ಪಾತ್ರೆ ಇಳಿಸುವ ಬಟ್ಟೆಗೆ ಅಕ್ರಿಲಿಕ್ ಉಲ್ಲನ್ ಮುಟ್ಟಲೇಬೇಡಿ, ಶಾಖಕ್ಕೆ ಕರಗುತ್ತದೆ. ಮಸಿಬಟ್ಟೆಯ ವಿಷಯದಲ್ಲಿ ಮುಖ್ಯ ಮಾತು ಇಷ್ಟೇ. ಅದರ ಜತೆಯಲ್ಲಿ ಎರಡು ಸಾಲು ಹೇಳಿ ಮುಗಿಸೋಣ ಎಂದುಕೊಂಡಿದ್ದ ಇನ್ನೊಂದು ಸಂಗತಿ ಇಡೀ ಅಂಕಣವನ್ನೇ ಕೇಳುತ್ತಿದೆ. ದುಂಡನೆಯ ಸಿಂಬಿಯನ್ನೋ ಟೇಬಲ್ ಮ್ಯಾಟನ್ನೋ ಹೆಣೆಯುವಾಗ ಅಂಚು ಅಲೆಅಲೆಯಾಗಿ ಏಳುತ್ತದಲ್ಲ, ಅದು.

ಆರರ ಲೆಕ್ಕ ಈ ಅಂಕಣದ ಓದುಗರಿಗೆ ಹೊಸದಲ್ಲ. ಸಿಂಗಲ್ ಕ್ರೋಶಾದಲ್ಲಿ ಆರು ಕುಣಿಕೆಯಿಂದ ಶುರುಮಾಡಿ ಸುತ್ತಿಗೆ ಆರರಂತೆ ಏರಿಸುತ್ತ 12, 18, 24 ಎಂದು ಹೋದರೆ ಹೆಣಿಗೆ ಚಪ್ಪಟೆಯಾಗಿ ಮಲಗುತ್ತದೆ. ಏರಿಸುವುದನ್ನು ನಿಲ್ಲಿಸಿದರೆ ಬಟ್ಟಲಾಗುತ್ತದೆ, ಇಳಿಸುತ್ತ ಬಂದರೆ ಚೆಂಡಾಗಿ ಮುಚ್ಚಿಕೊಳ್ಳುತ್ತದೆ. ಆರಕ್ಕಿಂತ ಹೆಚ್ಚಾದರೆ ಅಂಚಿಗೆ ಹರಡಲು ಜಾಗ ಸಾಲದೆ ಸುಕ್ಕಾಗುತ್ತದೆ. ಅಡುಗೆಮನೆಯ ಸಾಮಾನಿನಲ್ಲಿ ಸುಕ್ಕು ದೋಷ, ಬಿಚ್ಚಿ ಮತ್ತೆ ಹಾಕಬೇಕು. ಕಡಲ ಜೀವಿಗಳನ್ನು ಹೆಣೆಯುವವರಿಗೆ ಆ ಸುಕ್ಕೇ ಬಂಡವಾಳ.

ಆರರಿಂದ ಶುರುಮಾಡಿ ಪ್ರತಿ ಕುಣಿಕೆಯಲ್ಲೂ ಎರಡೆರಡು ಹಾಕುತ್ತ ಹೋಗಿ ನೋಡಿ. 6, 12, 24, 48, 96, 192. ಆರನೇ ಸುತ್ತಿನಲ್ಲಿ ಚಪ್ಪಟೆ ಮ್ಯಾಟಿಗೆ 36 ಕುಣಿಕೆ, ಇಲ್ಲಿ 192. ಎಂಟನೇ ಸುತ್ತಿಗೆ ಅಲ್ಲಿ 48, ಇಲ್ಲಿ 768! ಅಂಗೈಯಗಲದ ಜಾಗದಲ್ಲಿ ಇಷ್ಟು ಅಂಚು ಎಲ್ಲಿಗೆ ಹೋಗಬೇಕು? ಮೇಲೆ ಏಳುತ್ತದೆ, ಕೆಳಗೆ ಬಾಗುತ್ತದೆ, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಹವಳ, ಕಡಲಕಳೆ, ಚಿಪ್ಪಿಲ್ಲದ ಕಡಲ ಬಸವನಹುಳು, ಇವುಗಳ ಅಂಚೆಲ್ಲ ಹೀಗೆಯೇ. ಹವಳಕ್ಕೆ ಅದು ಅಲಂಕಾರವಲ್ಲ. ಕೂತಲ್ಲೇ ಕೂತು, ತೇಲಿಬರುವ ಆಹಾರವನ್ನೂ ತನ್ನೊಳಗಿನ ಪಾಚಿಗೆ ಬೇಕಾದ ಬಿಸಿಲನ್ನೂ ಹಿಡಿಯಬೇಕಾದ ಜೀವಿಗೆ ಚಿಕ್ಕ ಜಾಗದಲ್ಲಿ ದೊಡ್ಡ ಮೈ ಬೇಕು.

ಗಣಿತದವರು ಇಂಥ ಮೇಲ್ಮೈಯನ್ನು ಹೈಪರ್ಬಾಲಿಕ್ ಎನ್ನುತ್ತಾರೆ. ಹಂಗೇರಿಯ ಬೋಯಾಯ್ ಮತ್ತು ರಷ್ಯಾದ ಲೊಬಚೆವ್‌ಸ್ಕಿ 19ನೇ ಶತಮಾನದ ಮೊದಲರ್ಧದಲ್ಲೇ ಕಾಗದದ ಮೇಲೆ ಇದರ ಜ್ಯಾಮಿತಿಯನ್ನು ಕಟ್ಟಿದ್ದರು. ಆದರೆ ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾದ, ಬಾಳಿಕೆ ಬರುವ ಮಾದರಿಗಾಗಿ 1997ರವರೆಗೆ ಕಾಯಬೇಕಾಯಿತು. ಲಾಟ್ವಿಯಾ ಮೂಲದ ಗಣಿತಜ್ಞೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ತೈಮಿನಾ ಆ ವರ್ಷ ಕೈಗೆತ್ತಿಕೊಂಡದ್ದು ಕ್ರೋಶಾ ಕಡ್ಡಿಯನ್ನು. ಅದಕ್ಕೆ ಮೊದಲು ಇದ್ದದ್ದು ಕಾಗದದ ಪಟ್ಟಿ ಅಂಟಿಸಿದ ಮಾದರಿಗಳು, ನಾಲ್ಕು ಕೈ ಬದಲಾದರೆ ಹರಿಯುವಂಥವು. ತೈಮಿನಾ ಮೊದಲು ನಿಟ್ಟಿಂಗ್‌ನಲ್ಲೇ ಯತ್ನಿಸಿದರು. ನಿಟ್ಟಿಂಗ್‌ನಲ್ಲಿ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆಯೇ ಇರಬೇಕು, ಸಂಖ್ಯೆ ದುಪ್ಪಟ್ಟಾಗುತ್ತ ಹೋದರೆ ಯಾವ ಕಡ್ಡಿಯೂ ಸಾಲದು. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆ, ಉಳಿದವೆಲ್ಲ ಆಗಲೇ ಕಟ್ಟಿಕೊಂಡು ನಿಂತಿರುತ್ತವೆ. ನಿಟ್ಟಿಂಗ್ ಮೇಲು, ಕ್ರೋಶಾ ಬಿಡುವಿನ ಆಟ ಎನ್ನುವವರಿಗೆ ನಾನು ಕೊಡುವ ಉತ್ತರ ಇದು. ಸ್ವೆಟರ್‌ಗೂ ಕಾಲುಚೀಲಕ್ಕೂ ನಿಟ್ಟಿಂಗ್ ಇರಲಿ, ಕಡಲಿಗೆ ಕ್ರೋಶಾನೇ ಬೇಕು.

2009ರಲ್ಲಿ ಬಂದ ತೈಮಿನಾ ಅವರ ಪುಸ್ತಕ ‘ಕ್ರೋಶೆಟಿಂಗ್ ಅಡ್ವೆಂಚರ್ಸ್ ವಿತ್ ಹೈಪರ್ಬಾಲಿಕ್ ಪ್ಲೇನ್ಸ್’ ನನ್ನ ಮೇಜಿನಿಂದ ಇಳಿದಿಲ್ಲ. ವಿಚಿತ್ರ ಶೀರ್ಷಿಕೆಯ ಪುಸ್ತಕಗಳಿಗೆ ಕೊಡುವ ಡಯಾಗ್ರಾಂ ಬಹುಮಾನ ಅದಕ್ಕೆ ಸಿಕ್ಕಿತು. ನಂತರ 2012ರಲ್ಲಿ ಅಮೆರಿಕದ ಗಣಿತ ಸಂಘ ಆಯ್ಲರ್ ಪುಸ್ತಕ ಪ್ರಶಸ್ತಿಯನ್ನೂ ಕೊಟ್ಟಿತು. ಹೆಣಿಗೆಯನ್ನು ಮಡಚಿದಾಗ ಬೀಳುವ ಗೆರೆಯೇ ಸರಳರೇಖೆ ಎಂದು ಅವರು ತೋರಿಸಿ, ಆ ಗೆರೆಯ ಮೇಲೆ ಬೇರೆ ಬಣ್ಣದ ದಾರ ಹೊಲಿಯುತ್ತಾರೆ. ಒಂದು ಗೆರೆ, ಅದರ ಹೊರಗೊಂದು ಬಿಂದು. ಆ ಬಿಂದುವಿನಿಂದ ಹೊರಟು ಮೊದಲ ಗೆರೆಯನ್ನು ಎಂದೂ ಮುಟ್ಟದ ಹಲವು ಗೆರೆಗಳು. ಅಂಥ ಗೆರೆ ಒಂದೇ ಎಂಬ ಯೂಕ್ಲಿಡ್‌ನ ನಿಯಮ ಇಲ್ಲಿ ನಡೆಯುವುದಿಲ್ಲ ಎಂಬುದು ಬೆರಳಿಗೆ ತಿಳಿಯುತ್ತದೆ. ಹೈಸ್ಕೂಲು ಗಣಿತ ಕಲಿಸುವವರು ಈ ಒಂದು ತುಂಡನ್ನು ತರಗತಿಗೆ ಒಯ್ಯಬೇಕು.

ಗಣಿತದಿಂದ ಈ ಹೆಣಿಗೆ ಕಡಲಿಗೆ ಇಳಿದದ್ದು 2005ರಲ್ಲಿ. ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬವಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನ ಅವಳಿ ಸಹೋದರಿಯರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ಕ್ರೋಶಾ ಹವಳದ ದಿಬ್ಬವೊಂದನ್ನು ಹೆಣೆಯತೊಡಗಿದರು. ಊರೂರಿನ ಹೆಣಿಗೆಯವರು ತಮ್ಮ ತಮ್ಮ ದಿಬ್ಬ ಹೆಣೆದು ಸೇರಿಸಿದರು. 2019ರಲ್ಲಿ ಅದು ವೆನಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೂ ಹೋಯಿತು. ಅತ್ತ ಗ್ರೇಟ್ ಬ್ಯಾರಿಯರ್ ರೀಫ್‌ನ ನಿಜವಾದ ಹವಳ 2016, 2017, 2020, 2022, 2024ರಲ್ಲಿ ನೀರಿನ ಬಿಸಿಗೆ ಸಾಮೂಹಿಕವಾಗಿ ಬಿಳಿಚಿಕೊಂಡಿತು. ಹೆಣೆದವರು ಬಣ್ಣಬಣ್ಣದ ದಿಬ್ಬದ ಪಕ್ಕದಲ್ಲಿ ಬಿಳಿ ದಿಬ್ಬವನ್ನೂ ಇಟ್ಟರು.

ಈ ಕೆಲಸವನ್ನು ನೋಡಿದ ಕಣ್ಣಿಗೆ ಈಗ ಎಲ್ಲೆಲ್ಲೂ ಕಾಣುವ ಪ್ಲಶ್ ದಾರದ ಗೊಂಬೆಗಳು ಹಿಡಿಸುವುದಿಲ್ಲ. ಒಂದೇ ಸಂಜೆಯಲ್ಲಿ ಮುಗಿಯುವ ತಿಮಿಂಗಿಲ, ಕುಣಿಕೆ ಕಾಣದಷ್ಟು ರೋಮ, ಅದಕ್ಕೊಂದು ನಗುವ ಬಾಯಿ. ಏಡಿಗೆ ಇಕ್ಕಳವೂ ಸೇರಿ ಹತ್ತು ಕಾಲು, ಇಂಥ ಗೊಂಬೆ ಹೆಣೆಯುವವರು ಆರು ಹೊಲಿದು ಬಿಡುತ್ತಾರೆ. ಬೊಂಡಾಸಕ್ಕೆ ಎಂಟು ಕೈಗಳ ಜತೆಗೆ ಉದ್ದನೆಯ ಎರಡು ಹಿಡಿಕೈ ಇವೆ, ಅವೂ ಇಲ್ಲ. ಆಮೆ ಎಂದರೆ ಗಿಣಿಹಸಿರು. ಹೊನ್ನಾವರ, ಕಾರವಾರದ ಮರಳಿನಲ್ಲಿ ಮೊಟ್ಟೆಯೊಡೆದು ಹೊರಬರುವ ಆಲಿವ್ ರಿಡ್ಲಿ ಕಡಲಾಮೆಯ ಮರಿ ಕಡು ಬೂದು ಬಣ್ಣದ್ದು. ಆ ಬೂದು ಬಣ್ಣದಲ್ಲಿ ಹೆಣೆದ ಮರಿ ಎಷ್ಟು ಚೆಂದ ಬರುತ್ತದೆ! ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವೇ ಇರುವಾಗ ನಮ್ಮ ಕೈಗೆ ಮಾದರಿ ಬೇರೆ ಕಡೆಯಿಂದ ಬರಬೇಕಿಲ್ಲ.

ಒಂದೇ ಆಟಿಕೆಯಲ್ಲಿ ಎಲ್ಲ ಲೆಕ್ಕವನ್ನೂ ಕಲಿಯಬೇಕೆಂದರೆ ಆಕ್ಟೋಪಸ್ ಹೆಣೆಯಿರಿ. ತಲೆಯ ನೆತ್ತಿ ಆರಾರು ಏರಿಸಿದ ಚಪ್ಪಟೆ ಬಿಲ್ಲೆ, ಕೆಳಗೆ ಇಳಿಸುತ್ತ ಬಂದ ಗುಂಡು. ಕೈಗಳಿಗೆ ಚೈನ್ ಹಾಕಿ, ಮರಳುವಾಗ ಪ್ರತಿ ಚೈನಿನಲ್ಲಿ ಎರಡು ಅಥವಾ ಮೂರು ಸಿಂಗಲ್ ತುಂಬಿದರೆ ಅವು ತಾವಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ಮ್ಯಾಟನ್ನು ಕೆಡಿಸುವ ಆ ಹೆಚ್ಚಳವೇ ಇಲ್ಲಿ ಸುರುಳಿಯನ್ನು ಕಟ್ಟುತ್ತದೆ. ಡೆನ್ಮಾರ್ಕ್‌ನಲ್ಲಿ 2013ರಿಂದ ಸ್ವಯಂಸೇವಕರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇಂಥ ಆಕ್ಟೋಪಸ್ ಹೆಣೆದು ಕೊಡುತ್ತ ಬಂದಿದ್ದಾರೆ. ಹೊಕ್ಕುಳಬಳ್ಳಿಯನ್ನು ಹೋಲುವ ಆ ಸುರುಳಿಯನ್ನು ಹಿಡಿದ ಮಗು ತನಗೆ ಹಾಕಿದ ನಳಿಕೆಗಳನ್ನು ಎಳೆಯುವುದಿಲ್ಲ ಎಂಬ ನಂಬಿಕೆ. ಉಸಿರಾಟ, ಹೃದಯ ಬಡಿತ ಸುಧಾರಿಸುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಇನ್ನೂ ಸಾಲದು. ಆದರೆ ಅವರ ಶಿಸ್ತನ್ನು ನಾನು ಗೌರವಿಸುತ್ತೇನೆ: ದಾರ ಪೂರ್ತಿ ಹತ್ತಿಯದು, 60 ಡಿಗ್ರಿ ನೀರಿನಲ್ಲಿ ತೊಳೆಯುವಂಥದು. ಕೈಯನ್ನು ಎಳೆದು ಅಳೆದರೂ 22 ಸೆಂಟಿಮೀಟರ್ ಮೀರಬಾರದು, ಮೀರಿದರೆ ಕತ್ತಿಗೆ ಸುತ್ತಿಕೊಳ್ಳಬಹುದು. ಹೆಣಿಗೆಯ ಸಂದಿಯಿಂದ ಒಳಗೆ ತುಂಬಿದ್ದು ಇಣುಕಬಾರದು.

ದಾರದ ಮಾತನ್ನು ಪೂರ್ತಿ ಹೇಳಬೇಕು. ತೈಮಿನಾ ಬಳಸಿದ್ದು ಸಿಂಥೆಟಿಕ್ ದಾರವನ್ನೇ, ಮಾದರಿ ಬಿಗಿಯಾಗಿ ನಿಲ್ಲಲಿ ಎಂದು. ನೀರು ಕಾಣದ ಪ್ರದರ್ಶನದ ವಸ್ತುವಿಗೆ ನನ್ನ ತಕರಾರಿಲ್ಲ. ಮಗು ಬಾಯಿಗಿಟ್ಟು, ತಾಯಿ ವಾರವಾರ ತೊಳೆಯುವ ಆಟಿಕೆಯ ವಿಷಯ ಬೇರೆ. ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಸೇರಬಹುದು ಎಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅಂದಾಜಿಸಿದ್ದಾರೆ. ಕಡಲ ಜೀವಿಯನ್ನು ಪ್ರೀತಿಯಿಂದ ಹೆಣೆಯುವವರು ಅದೇ ಕಡಲಿಗೆ ಪ್ಲಾಸ್ಟಿಕ್ ಎಳೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಹತ್ತಿ ದಾರ ತೆಗೆದುಕೊಳ್ಳಿ, ಅದಕ್ಕೆ ಸರಿಹೊಂದುವ ಕಡ್ಡಿಗಿಂತ ಒಂದು ನಂಬರು ಸಣ್ಣದನ್ನು ಹಿಡಿಯಿರಿ. ಮೂರು ವರ್ಷದೊಳಗಿನ ಮಗುವಿಗಾದರೆ ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ, ಕಪ್ಪು ದಾರದಲ್ಲಿ ಹೊಲಿದುಬಿಡಿ.