ಶುದ್ಧೀಕರಣ ಪ್ರಯೋಗಗಳಲ್ಲಿ ದೋಷವಿಚಾರ

ಪದವಿ ತರಗತಿಗಳ ರಸಾಯನ ಪ್ರಯೋಗ ಪುಸ್ತಕಗಳನ್ನು ತಿದ್ದುವವರಿಗೆ ‘ದೋಷಕ್ಕೆ ಕಾರಣಗಳು’ ಎಂಬ ಶೀರ್ಷಿಕೆಯ ಕೆಳಗೆ ಬರುವ ವಾಕ್ಯಗಳು ಬಾಯಿಪಾಠವಾಗಿರುತ್ತವೆ: ತೂಗುವಲ್ಲಿ ಆದ ತಪ್ಪು, ಸುರಿಯುವಾಗ ಚೆಲ್ಲಿದುದು, ಕೈತಪ್ಪು. ಪ್ರಯೋಗ ಯಾವುದೇ ಆಗಲಿ, ತಪ್ಪೊಪ್ಪಿಗೆ ಒಂದೇ. ಇದನ್ನು ದೋಷವಿಚಾರವೆಂದು ಕರೆಯಲು ನಮಗೆ ಮನಸ್ಸೊಪ್ಪದು.

ಬೆನ್ಜೋಯಿಕ್ ಆಮ್ಲವನ್ನು ನೀರಿನಲ್ಲಿ ಪುನಃಸ್ಫಟಿಕೀಕರಿಸುವ ಪ್ರಯೋಗವನ್ನೇ ನೋಡೋಣ. ಕುದಿಯುವ 100 ಮಿ.ಲೀ. ನೀರು ಸುಮಾರು ಐದೂವರೆ ಗ್ರಾಂ ಆಮ್ಲವನ್ನು ಕರಗಿಸಿಕೊಳ್ಳಬಲ್ಲುದು. 25 ಡಿಗ್ರಿಗೆ ತಣಿದಾಗಲೂ 0.34 ಗ್ರಾಂ ಆಮ್ಲ ಅದರಲ್ಲಿ ಉಳಿದೇ ತೀರುತ್ತದೆ. ಆದುದರಿಂದ 5 ಗ್ರಾಂ ಆಮ್ಲದಿಂದ ಹೊರಟವನಿಗೆ ಆ ಉಷ್ಣತೆಯಲ್ಲಿ 4.66 ಗ್ರಾಮಿಗಿಂತ ಹೆಚ್ಚು ದೊರೆಯಲಾರದು. ಈ ನಷ್ಟ ವಿಧಾನಕ್ಕೆ ಸಹಜವಾದುದು. ಇದರಲ್ಲಿ ಯಾರ ಕೈತಪ್ಪೂ ಇಲ್ಲ. ಬೇಗ ಕರಗಲೆಂದು 200 ಮಿ.ಲೀ. ನೀರು ಹಾಕಿದವನು ಮಾತ್ರ ಇದರ ಇಮ್ಮಡಿಯನ್ನು ಕಳೆದುಕೊಳ್ಳುತ್ತಾನೆ. ಇದು ನಿಜವಾದ ದೋಷ; ಆದರೆ ಪುಸ್ತಕದಲ್ಲಿ ಇದರ ಸುಳಿವೇ ಇರುವುದಿಲ್ಲ. ಬಿಸಿ ಮಾಡದ ಆಲಿಕೆಯ ಕಾಂಡದಲ್ಲಿ ಹರಳುಗಟ್ಟಿ ನಿಂತ ಆಮ್ಲ, ಬಣ್ಣ ತೆಗೆಯಲೆಂದು ಅಳತೆಮೀರಿ ಹಾಕಿದ ಇದ್ದಿಲು ಹೀರಿಕೊಂಡ ಪಾಲು, ಇವುಗಳನ್ನೂ ಯಾರೂ ಬರೆಯುವುದಿಲ್ಲ.

ಇದಕ್ಕಿಂತ ಗಂಭೀರವಾದುದು ತೂಕವನ್ನು ಹೆಚ್ಚಿಸುವ ದೋಷ. ಮೇಲಿನ ಪ್ರಯೋಗದಲ್ಲಿ 4.9 ಗ್ರಾಂ ಪಡೆದವನ ಹರಳುಗಳು ಬಹುಶಃ ಒದ್ದೆಯಾಗಿವೆ, ಇಲ್ಲವೆ ಅವುಗಳಲ್ಲಿ ಕಲ್ಮಶವಿದೆ. ದ್ರಾವಣವನ್ನು ಅವಸರದಿಂದ ತಣಿಸಿದರೆ ಹರಳುಗಳು ತಾಯಿದ್ರಾವಣವನ್ನು ಒಳಗೇ ಸೆರೆಹಿಡಿಯುತ್ತವೆ. ಶುದ್ಧ ಆಮ್ಲವಾದರೆ 122 ಡಿಗ್ರಿಯ ಆಸುಪಾಸಿನಲ್ಲಿ ಒಮ್ಮೆಗೇ ಕರಗಬೇಕು. ಅದಕ್ಕೂ ಕೆಳಗಿನಿಂದಲೇ ಮೆತ್ತಗಾಗುತ್ತ ಬಂದರೆ ತೂಕದ ಹೆಮ್ಮೆ ವ್ಯರ್ಥ. ಆದರೂ ಇಳುವರಿ ಹೆಚ್ಚಿದಷ್ಟೂ ಅಂಕ ಹೆಚ್ಚು ಎಂಬ ರೂಢಿ ಕೆಲವೆಡೆ ಇದೆ. ಶುದ್ಧೀಕರಣವನ್ನು ಕಲಿಸುತ್ತ ಅಶುದ್ಧಿಗೆ ಬಹುಮಾನ ಕೊಡುವ ಈ ಕ್ರಮಕ್ಕೆ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ. ತಪ್ಪು ಅಧ್ಯಾಪಕವರ್ಗದವರಾದ ನಮ್ಮದು.

ಇನ್ನು ಒಣಗಿಸುವ ವಿಚಾರ. ನಿಗದಿಯ ಹೊತ್ತು ಮುಗಿಯಿತೆಂದು ಒಮ್ಮೆ ತೂಗಿ ಬರೆದುಬಿಡುವುದು ವಾಡಿಕೆ. ಎರಡು ತೂಕಗಳು ಒಂದೇ ಆಗುವವರೆಗೆ ಒಣಗಿಸಬೇಕು. ಹಾಗೆಂದು ಒಲೆಯ ಶಾಖವನ್ನು ಏರಿಸಿದರೆ ಈ ಆಮ್ಲ ಆವಿಯಾಗಿ ಹೋಗುವ ಸ್ವಭಾವದ್ದು. ಸೋಸಿ ಉಳಿದ ದ್ರಾವಣವನ್ನಂತೂ ಯಾರೂ ಅಳೆಯುವುದಿಲ್ಲ. ತೊಟ್ಟಿಗೆ ಸುರಿಯುವ ಮುನ್ನ ಅದರ ಪ್ರಮಾಣವನ್ನೂ ಉಷ್ಣತೆಯನ್ನೂ ಗುರುತಿಸಿಕೊಂಡಿದ್ದರೆ, ಕಳೆದುಹೋದ ಆಮ್ಲದಲ್ಲಿ ನೀರಿನ ಪಾಲೆಷ್ಟು, ತನ್ನ ಪಾಲೆಷ್ಟು ಎಂಬ ಲೆಕ್ಕವನ್ನು ವಿದ್ಯಾರ್ಥಿಯೇ ಹಾಕಬಹುದಾಗಿತ್ತು.